ಬೆನ್ನಿನೊಳಗಿನ ಕಾಗದ

ಗೋಂದು ಕಾಣೆಯಾದ ಬೆಳಗ್ಗೆ ಆ ಮನೆಯವರು ನಾಯಿಯನ್ನು ಹುಡುಕುವ ಮುಂಚೆ ತಪ್ಪು ಯಾರದೆಂದು ಹುಡುಕಿದರು. ತಪ್ಪು ಬೇಗ ಸಿಕ್ಕಿತು.

"ನಾನು ಎದ್ದು ಕೆಳಗೆ ಬಂದಾಗ ಗೇಟು ತೆರೆದೇ ಇತ್ತು," ಅಂದರು ಅಪ್ಪ, ಕನ್ನಡಕ ಒರೆಸಿಕೊಳ್ಳುತ್ತ.

ಅವತ್ತು ಎಲ್ಲರಿಗಿಂತ ಮೊದಲು ಗೇಟು ದಾಟಿದವರು ಅಣ್ಣ, ಅತ್ತಿಗೆ. ಅತ್ತಿಗೆಗೆ ಏಳು ತಿಂಗಳು. ಆಸ್ಪತ್ರೆಯ ಸಾಲು ಹನುಮಂತನ ಬಾಲ ಅಂತ ಆರಕ್ಕೇ ಹೊರಟಿದ್ದರು. ಅಣ್ಣ ಮುಂದೆ ಹೋಗಿ ಗಾಡಿ ಸ್ಟಾರ್ಟ್ ಮಾಡಿದ್ದ. ಅಂದಮೇಲೆ ಗೇಟು ಹಾಕಬೇಕಾದವಳು ಅತ್ತಿಗೆ.

"ಹಾಕಿದೀನಿ. ಕೈ ತೂರಿಸಿ ಚಿಲಕ ಹಾಕಿದ ಶಬ್ದ ಇನ್ನೂ ಕಿವೀಲಿದೆ," ಅಂದಳು ಅತ್ತಿಗೆ.

ಆಗ ಮಾತಾಡಿದವಳು ಮೆಲ್ಲಿ. ಮನೆಯ ಕಿರಿಮಗಳು. ಮೆಲ್ಲಗೆ ಮಾತಾಡುತ್ತಾಳೆಂದು ಅಮ್ಮ ಇಟ್ಟ ಅಡ್ಡಹೆಸರು ಅದು. ಡಿಗ್ರಿ ಮುಗಿಸಿ ಒಂದು ವರ್ಷವಾದರೂ ಹೊಸಬರ ಎದುರು ಅವಳ ಗಂಟಲಿನಿಂದ ಹೊರಬರುತ್ತಿದ್ದದ್ದು ಕೆಮ್ಮು ಮಾತ್ರ. ಅವತ್ತು ಪಕ್ಕದ ಅಂಗಡಿಯವರೂ ಇಣುಕಿ ನೋಡುವಷ್ಟು ಜೋರಾಗಿ ಕೂಗಿದಳು.

"ನಿಮಗೆ ಅದು ತೊಲಗಿದ್ರೆ ಸಾಕಾಗಿತ್ತು. ದಿನಾ ವಾಸನೆ, ವಾಸನೆ ಅಂತಿದ್ರಲ್ಲ ಅತ್ತಿಗೆ, ಈಗ ಘಮಘಮ ಅಂತಿದ್ಯಾ ಮನೆ?"

"ವಾಸನೆ ಅಂದಿದ್ದೆ, ಇಲ್ಲ ಅನ್ನಲ್ಲ. ಮೂಗಿದ್ದೋರು ಅಂತಾರೆ," ಅಂದಳು ಅತ್ತಿಗೆ. "ಅಂದ ಬಾಯೂ ನಂದೇ, ಅದರ ಉಚ್ಚೆ ಒರೆಸಿದ ಕೈಯೂ ನಂದೇ. ಅದನ್ನ ಯಾರೂ ನೋಡಿಲ್ಲ."

ಅಣ್ಣ ಇಬ್ಬರ ಮುಖವನ್ನೂ ನೋಡಿ, ಕೊನೆಗೆ ಹೆಂಡತಿಯ ಕಡೆ ತಿರುಗಿ, "ಒಂದು ಚಿಲಕ ಹಾಕೋಕೆ ಆಗಲ್ವೇನೇ ನಿಂಗೆ?" ಅಂದ. ಅಲ್ಲಿಗೆ ತೀರ್ಪು ಆಗಿಹೋಯಿತು.

ಹದಿನಾಲ್ಕು ವರ್ಷದ ಹಿಂದೆ ಆ ನಾಯಿಯನ್ನು ತರಕಾರಿ ಚೀಲದಲ್ಲಿ ಹಾಕಿಕೊಂಡು ಬಂದವಳು ಅಮ್ಮ. ಚೀಲದಿಂದ ಇಳಿದ ಗಳಿಗೆಯಿಂದ ಅದು ಯಾರಾದರೊಬ್ಬರ ಕಾಲಿಗೆ ಅಂಟಿಕೊಂಡೇ ಇತ್ತು. ಪುಸ್ತಕಕ್ಕೆ ರಟ್ಟು ಕಟ್ಟಿ ಬದುಕುವ ಮನೆಯಲ್ಲಿ ಅದಕ್ಕೆ ಗೋಂದು ಎನ್ನುವುದು ಬಿಟ್ಟು ಬೇರೆ ಹೆಸರು ಯಾರಿಗೂ ಹೊಳೆಯಲಿಲ್ಲ. ಕೆಳಗೆ ಅಪ್ಪನ ಬೈಂಡಿಂಗ್ ಅಂಗಡಿ, ಮೇಲೆ ಎರಡು ಕೋಣೆ. ಅಪ್ಪ ಮೈದಾ ಅಂಟು ಬಳಿದು ಬಳಿದು ಸಂಜೆ ಕೈ ಇಳಿಬಿಟ್ಟರೆ ಗೋಂದು ಬಂದು ಬೆರಳುಗಳನ್ನು ಒಂದೊಂದಾಗಿ ನೆಕ್ಕಿ ಶುದ್ಧ ಮಾಡುತ್ತಿತ್ತು. "ನನ್ನ ಸೋಪು ಇವನು," ಅನ್ನುತ್ತಿದ್ದರು ಅಪ್ಪ. ಈಚೆಗೆ ಗೋಂದುವಿನ ಬಲಗಣ್ಣಿಗೆ ಪೊರೆ ಬಂದು ಬಿಳಿಯ ಗುಂಡಿಯ ಹಾಗಾಗಿತ್ತು. ಹಿಂಗಾಲು ಸೋತಿತ್ತು. ಕೂತಲ್ಲೇ ಒದ್ದೆ. ಪಶುವೈದ್ಯರು, "ಇನ್ನು ಹೆಚ್ಚೇನಿಲ್ಲ, ಹತ್ತಿರ ಇದ್ದು ನೋಡ್ಕೊಳ್ಳಿ," ಅಂದಿದ್ದರು.

ಅಮ್ಮನಿಗೂ ವೈದ್ಯರು ಹೆಚ್ಚುಕಡಿಮೆ ಹಾಗೆಯೇ ಅಂದಿದ್ದರು. ಎರಡು ವರ್ಷದ ಹಿಂದೆ, ಮೇಲಿನ ಹಿಂಬದಿ ಕೋಣೆಯಲ್ಲಿ ಅವಳು ನಾಲ್ಕು ತಿಂಗಳು ಮಲಗಿದ್ದಳು. ಆ ನಾಲ್ಕು ತಿಂಗಳು ಅಂಗಡಿಯಲ್ಲಿ ಎಂದೂ ಇಲ್ಲದಷ್ಟು ಅರ್ಜೆಂಟು ಕೆಲಸ. ಅವಳು ಹೋದ ಮಧ್ಯಾಹ್ನವೂ ಕೆಳಗೆ ಕತ್ತರಿಸುವ ಯಂತ್ರದ ಸದ್ದು ಕೇಳುತ್ತಿತ್ತು. ಪಾಪ, ಕೆಲಸದಲ್ಲೇ ದುಃಖ ನುಂಗಿದರು ಅಂದರು ಬಂದವರೆಲ್ಲ. ಮೆಲ್ಲಿಯೂ ಹಾಗೇ ಅಂದುಕೊಂಡಿದ್ದಳು. ಅಮ್ಮನಿಂದ ಅವಳಿಗೆ ಉಳಿದದ್ದು ಈ ಇಬ್ಬರೇ: ಅಪ್ಪ, ಮತ್ತು ಗೋಂದು.

ಅವಳೇ ನೋಟೀಸು ಬರೆದಳು. ನಡುವೆ ಗೋಂದುವಿನ ಚಿತ್ರ, ಮೇಲೆ ದಪ್ಪಕ್ಷರದಲ್ಲಿ 'ಕಾಣೆಯಾಗಿದೆ', ಕೆಳಗೆ ಫೋನ್ ನಂಬರು. ನೂರು ಪ್ರತಿ. ಪೇಟೆಯ ಕಡೆ ಐವತ್ತನ್ನು ಅವಳು ಅಂಟಿಸಿದಳು; ಜನರ ಎದುರು ಕಂಬಕ್ಕೆ ಅಂಟು ಬಳಿಯುವಾಗ ಅರ್ಧ ಅಂಟು ಅವಳ ಚಪ್ಪಲಿಗೇ ಹೋಯಿತು. ಲಾರಿಗಳು ನಿಲ್ಲುವ ಹೊರರಸ್ತೆಯ ಕಡೆ ಐವತ್ತನ್ನು ಅಪ್ಪ ಕೇಳಿ ಪಡೆದರು. "ಆ ಕಡೆ ಲಾರಿ ಜಾಸ್ತಿ, ನೀನು ಬೇಡ. ಸೈಕಲ್ಲಲ್ಲಿ ನಾನು ಮುಗಿಸ್ಕೊಂಡು ಬರ್ತೀನಿ." ಸಂಜೆ ಬಂದು, "ಐವತ್ತೂ ಖಾಲಿ ಕಣಮ್ಮ," ಅಂದರು. ಅವರ ಕಣ್ಣು ಕೆಂಪಾಗಿದ್ದನ್ನು ಕಂಡು ಮೆಲ್ಲಿಗೆ ತನ್ನ ದುಃಖಕ್ಕಿಂತ ಅಪ್ಪನ ದುಃಖವೇ ದೊಡ್ಡದೆನಿಸಿತು.

ಹತ್ತು ದಿನ ಕಳೆಯಿತು. ಮೆಲ್ಲಿ ಅತ್ತಿಗೆಯೊಂದಿಗೆ ಮಾತು ಬಿಟ್ಟಳು. ಅತ್ತಿಗೆ ಬಡಿಸಿದ ತಟ್ಟೆಯನ್ನು ಅಡುಗೆಮನೆಗೆ ಒಯ್ದು, ಮತ್ತೆ ತಾನೇ ಬಡಿಸಿಕೊಂಡು ಉಣ್ಣುತ್ತಿದ್ದಳು. ಅಣ್ಣನದು ಹೂಂ, ಉಹೂಂ ಅಷ್ಟೇ. ಅತ್ತಿಗೆ ಅಳಲಿಲ್ಲ. ಪ್ರತಿ ಮಧ್ಯಾಹ್ನ ಬಿಸಿಲಲ್ಲಿ ಹೊಟ್ಟೆ ಹಿಡಿದುಕೊಂಡು ಒಂದೊಂದು ಬೀದಿ ಸುತ್ತಿ ಬರುತ್ತಿದ್ದಳು. ನಡೆಯಬೇಕು ಅಂತ ಡಾಕ್ಟರು ಹೇಳಿದ್ದಾರೆ ಅನ್ನುತ್ತಿದ್ದಳು. ನೋಡು, ನಾಟಕ, ಅಂದುಕೊಳ್ಳುತ್ತಿದ್ದಳು ಮೆಲ್ಲಿ.

ಹನ್ನೊಂದನೆಯ ದಿನ ಗ್ರಂಥಾಲಯದವರು ಫೋನ್ ಮಾಡಿದರು. ಹಳೆಯ ಪುಸ್ತಕಗಳಿಗೆ ಹೊಸ ರಟ್ಟು ಹಾಕಿ ಕಳಿಸಿದ್ದರಲ್ಲಿ ಒಂದಕ್ಕೆ ರಟ್ಟು ತಲೆಕೆಳಗಾಗಿತ್ತು. ಮೂವತ್ತು ವರ್ಷದಲ್ಲಿ ಅಪ್ಪ ಅಂಥ ತಪ್ಪು ಮಾಡಿರಲಿಲ್ಲ. ಪುಸ್ತಕ ವಾಪಸು ಬಂದಾಗ ಅಪ್ಪ ಬಟ್ಟೆ, ರಟ್ಟು ತರಲು ಹೋಗಿದ್ದರು. ಅವರು ಬಂದು ನಾಚಿಕೆಪಡುವ ಮೊದಲೇ ಸರಿಮಾಡಿಡೋಣ ಅಂತ ಮೆಲ್ಲಿ ಒದ್ದೆ ಬಟ್ಟೆ ಹಿಡಿದು ಕೂತಳು. ರಟ್ಟನ್ನು ನಿಧಾನವಾಗಿ ಬಿಡಿಸಿದಳು. ಹೊಲಿಗೆಯ ಮೇಲೆ, ಪುಸ್ತಕದ ಬೆನ್ನಿಗೆ ಬಿಗಿಯಾಗಿ ಅಂಟಿಸುವ ಪಟ್ಟಿ ಇರುತ್ತದಲ್ಲ, ಅದಕ್ಕೆ ಅಪ್ಪ ಯಾವತ್ತೂ ರದ್ದಿ ಕಾಗದವನ್ನೇ ಬಳಸುವುದು. ಒಳಗೆ ಮುಚ್ಚಿಹೋಗುವ ಕಾಗದ, ಯಾರು ನೋಡುತ್ತಾರೆ?

ಪಟ್ಟಿಯ ಮೇಲೆ ಬಿಳಿಯ ಗುಂಡಿಯಂಥ ಒಂದು ಕಣ್ಣಿತ್ತು. ಪಕ್ಕದಲ್ಲಿ ಅರ್ಧ ಕಿವಿ. ಅದರ ಮೇಲೆ 'ಕಾಣೆ'.

ಉಳಿದದ್ದಿರಬೇಕು ಅಂದುಕೊಂಡಳು. ಆದರೆ ಉಳಿಯುವುದಾದರೂ ಹೇಗೆ, ಐವತ್ತೂ ಖಾಲಿ ಅಂದಿದ್ದರಲ್ಲ? ಮೇಜಿನ ಕೆಳಗೆ ಪಟ್ಟಿಗಳ ಡಬ್ಬವಿತ್ತು. ಎಳೆದಳು. ನೀಟಾಗಿ, ಒಂದೇ ಅಳತೆಗೆ ಕತ್ತರಿಸಿದ ಗೋಂದುವಿನ ಕಣ್ಣುಗಳು, ಮೂಗುಗಳು, ಅವಳದೇ ಕೈಬರಹದ ತುಂಡುಗಳು ಕಟ್ಟುಕಟ್ಟಾಗಿ ಕೂತಿದ್ದವು. ಅಪ್ಪನ ಪಾಲಿನ ಒಂದು ನೋಟೀಸೂ ಗೋಡೆ ಕಂಡಿರಲಿಲ್ಲ.

ಅವಳು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು, ಡಬ್ಬದಿಂದ ಒಂದು ಪಟ್ಟಿಯನ್ನು ಕೈಯಲ್ಲಿ ಹಿಡಿದು ಹೊರರಸ್ತೆಯ ಕಡೆ ನಡೆದಳು. ಅಪ್ಪ ಬೇಡವೆಂದಿದ್ದ ಕಡೆಗೆ.

ಬಹಳ ಹುಡುಕಬೇಕಾಗಲಿಲ್ಲ. ಲಾರಿಗಳನ್ನು ತೂಗುವ ಕಟ್ಟೆಯ ಪಕ್ಕ ಗಾಜಿನ ಕೋಣೆಯಲ್ಲಿ ಕೂತು ಚೀಟಿ ಹರಿಯುತ್ತಿದ್ದ ಹೆಂಗಸೊಬ್ಬಳು, ಮೆಲ್ಲಿ ಬಾಯಿ ತೆರೆಯುವ ಮೊದಲೇ, ಅವಳ ಕೈಯಲ್ಲಿದ್ದ ಪಟ್ಟಿಯನ್ನು ನೋಡಿ, "ಓ, ಮುದುಕನ ಕಡೆಯೋರಾ?" ಅಂದಳು.

ಗೋಂದು ಕೋಣೆಯ ಹಿಂದಿನ ನೆರಳಲ್ಲಿ ಗೋಣಿಚೀಲದ ಮೇಲೆ ಬಿದ್ದಿತ್ತು. ಪಕ್ಕೆಲುಬು ಎಣಿಸಬಹುದಿತ್ತು. ಮೆಲ್ಲಿ ಹತ್ತಿರ ಕೂತಾಗ ತಲೆಯೆತ್ತಲು ಆಗದೆ ಬಾಲದ ತುದಿಯನ್ನು ಮಾತ್ರ ಎರಡು ಸಲ ನೆಲಕ್ಕೆ ಬಡಿಯಿತು.

"ಇಟ್ಟಿದ್ದು ತಿನ್ನಲ್ಲ. ನೀರೊಂದು ಕುಡಿಯತ್ತೆ," ಅಂದಳು ತೂಕದ ಹೆಂಗಸು. "ಒಂದಿನ ತಮಾಷೆಗೆ ಲಾರಿ ಕಟ್ಟೆ ಮೇಲೆ ಮಲಗಿಸಿ ತೂಕ ನೋಡ್ದೆ. ಸೊನ್ನೆ ಅಂತು ಮಿಷನ್ನು. ಲೆಕ್ಕಕ್ಕೇ ತಗೊಳ್ಲಿಲ್ಲ ಬಡಪಾಯೀನ."

"ಯಾರು... ಯಾರು ತಂದು ಬಿಟ್ರು?"

"ಬಿಟ್ಟು ಓಡಿಹೋದೋರಲ್ಲ ಕಣಮ್ಮ. ನೆರಳು ನೋಡಿದ್ರು, ನಲ್ಲಿ ನೋಡಿದ್ರು. ಬಟ್ಟಲಿಗೆ ನೀರು ಹಿಡಿದಿಟ್ರು. 'ಈ ಜಾಗಕ್ಕೆ ಮಧ್ಯಾಹ್ನ ಬಿಸಿಲು ಬರತ್ತಾ?' ಅಂತ ನನ್ನ ಕೇಳಿದ್ರು. ಬಾಡಿಗೆಗೆ ಮನೆ ನೋಡೋಕೆ ಬಂದೋರ ಥರ!" ನಕ್ಕು, ಮೆಲ್ಲಿಯ ಮುಖ ನೋಡಿ ನಗು ನಿಲ್ಲಿಸಿದಳು. "ಕನ್ನಡಕದೋರು. ಅದನ್ನ ಒರೆಸಿದ್ದೇ ಒರೆಸಿದ್ದು. ಸೈಕಲ್ ಹಿಂದೆ ಮರದ ಪೆಟ್ಟಿಗೆ ಇತ್ತು."

ಪುಸ್ತಕ ಸಾಗಿಸುವ ಪೆಟ್ಟಿಗೆ. ಅದಕ್ಕೆ ಕಳೆದ ವರ್ಷ ಬಣ್ಣ ಬಳಿದವಳು ಮೆಲ್ಲಿಯೇ.

"ಆಮೇಲೆ ಬಂದಿದ್ರಾ?"

"ಎರಡು ಸಲ. ರಸ್ತೆ ಆಚೆ ನಿಂತು ನೋಡಿದ್ರು. ನಾನು ಬನ್ನಿ ಅಂತ ಕೈ ಬೀಸಿದೆ. ಸೈಕಲ್ ಹತ್ತೇಬಿಟ್ರು."

ಆ ಹೆಂಗಸೇ ಪರಿಚಯದ ಲಾರಿಯೊಂದನ್ನು ನಿಲ್ಲಿಸಿ ಇಬ್ಬರನ್ನೂ ಮುಂದಿನ ಸೀಟಿಗೆ ಹತ್ತಿಸಿದಳು. ದಾರಿಯುದ್ದಕ್ಕೂ ಮೆಲ್ಲಿ ಒಂದೇ ವಿಷಯ ಯೋಚಿಸಿದಳು. ಅಪ್ಪನ ಬಗ್ಗೆ ಬಾಯಿಬಿಟ್ಟರೆ ಅಮ್ಮನಿಂದ ಉಳಿದ ಇಬ್ಬರಲ್ಲಿ ಒಬ್ಬರನ್ನು ತಾನೇ ಕಳೆದುಕೊಂಡ ಹಾಗೆ. ಬಿಡದಿದ್ದರೆ ಅತ್ತಿಗೆಯ ತಲೆಯ ಮೇಲಿನ ತಪ್ಪು ಅಲ್ಲೇ ಇರುತ್ತದೆ. ಅಪ್ಪನೇ ಹೇಳಲಿ, ಅಂದುಕೊಂಡಳು. ನಾಯಿಯನ್ನು ಕಂಡ ಕೂಡಲೇ ಅವರೇ ಹೇಳುತ್ತಾರೆ. ಅಪ್ಪ ಅಲ್ಲವೇ.

ಅಂಗಡಿಯಲ್ಲಿ ಮೂವರೂ ಇದ್ದರು. ಅತ್ತಿಗೆ ಹಾಳೆ ಮಡಿಸುತ್ತಿದ್ದಳು, ಅಣ್ಣ ಊಟಕ್ಕೆ ಬಂದಿದ್ದ. ಅಪ್ಪ ಅಂಟು ಬಳಿಯುತ್ತಿದ್ದರು. ಮೆಲ್ಲಿ ಗೋಂದುವನ್ನು ನೆಲಕ್ಕಿಳಿಸಿದಳು. ಹತ್ತು ದಿನದಲ್ಲಿ ಮೊದಲ ಸಲ ಅದು ತಾನಾಗಿ ಎದ್ದು ನಿಂತಿತು. ಗೋಡೆಗೆ ಒರಗಿ, ಮೇಜಿನ ಕಾಲಿಗೆ ಡಿಕ್ಕಿ ಹೊಡೆದು, ಮೂಗು ತೋರಿದ ಕಡೆ ತಡವರಿಸಿ ನಡೆದು, ಅಪ್ಪನ ಇಳಿಬಿದ್ದ ಕೈಯನ್ನು ಹುಡುಕಿ ಬೆರಳು ನೆಕ್ಕತೊಡಗಿತು.

"ಅಯ್ಯೋ ಮುದುಕಪ್ಪಾ!" ಅಂದ ಅಣ್ಣ. "ಎಲ್ಲಿತ್ತೇ?"

"ಲಾರಿ ತೂಗ್ತಾರಲ್ಲ, ಅಲ್ಲಿ," ಅಂದಳು ಮೆಲ್ಲಿ, ಅಪ್ಪನನ್ನೇ ನೋಡುತ್ತ. "ಅಪ್ಪ ನೋಟೀಸು ಅಂಟಿಸಿದ ಕಡೆ."

ಅಪ್ಪನ ಇನ್ನೊಂದು ಕೈಯ ಕುಂಚ ನಿಂತಿತು. ಅವರು ಕೆಮ್ಮಿದರು. ಆಮೇಲೆ ತುಂಬ ಮೃದುವಾಗಿ, ಮನೆಯ ಹಿರಿಯರು ಆಡುವ ಹಾಗೆ ಹೇಳಿದರು: "ಸಿಕ್ತಲ್ಲ, ಅಷ್ಟು ಸಾಕು. ಗೇಟು ಹಾಕೋದು ಮರೆಯೋದು ಮನುಷ್ಯರಿಗೆ ಸಹಜ. ಬಸುರಿ ಹುಡುಗಿ, ಇನ್ನು ಮೇಲೆ ಯಾರೂ ಅವಳನ್ನ ಏನೂ ಅನ್ಬೇಡಿ. ನಾನಂತೂ ಅದನ್ನ ಮರೆತಾಯ್ತು."

ಅವರು ಸುಮ್ಮನಿದ್ದಿದ್ದರೆ ಮೆಲ್ಲಿಯೂ ಬಹುಶಃ ಸುಮ್ಮನಿರುತ್ತಿದ್ದಳು. ಚೀಲದಿಂದ ಪುಸ್ತಕ ತೆಗೆದು, ಬೆನ್ನು ಮೇಲಾಗಿ, ಅವರ ಮುಂದೆ ಇಟ್ಟಳು.

ಮೊದಲು ನೋಡಿದವಳು ಅತ್ತಿಗೆ. ಪಟ್ಟಿಯ ಮೇಲಿನ ಕಣ್ಣನ್ನು ನೋಡಿದಳು, ಮಾವನನ್ನು ನೋಡಿದಳು. ಅಣ್ಣನಿಗೆ ಅರ್ಥವಾಗಲಿಲ್ಲ, ಮೆಲ್ಲಿ ಹೇಳಬೇಕಾಯಿತು. ಪೆಟ್ಟಿಗೆ, ಸೈಕಲ್ಲು, ಬಟ್ಟಲು, ಮಧ್ಯಾಹ್ನದ ಬಿಸಿಲು. ಹೇಳುತ್ತಾ ಹೋದಂತೆ ಅವಳ ದನಿ ತನ್ನ ಹಳೆಯ ಅಳತೆಗೆ ಇಳಿದು, ಕೊನೆಯ ಮಾತು ಯಾರಿಗೂ ಕೇಳಿಸಲಿಲ್ಲ. ಕೇಳಿಸುವ ಅಗತ್ಯವೂ ಇರಲಿಲ್ಲ.

"ಕ್ಷಮಿಸಿದ್ದಕ್ಕೆ ದೊಡ್ಡ ಉಪಕಾರ ಆಯ್ತು ಮಾವ," ಅಂದಳು ಅತ್ತಿಗೆ.

ಅಪ್ಪ ಕನ್ನಡಕ ತೆಗೆದರು. ಒರೆಸಲು ಕೈ ಬಿಡುವಿರಲಿಲ್ಲ. ಗೋಂದು ಇನ್ನೂ ನೆಕ್ಕುತ್ತಿತ್ತು. "ಇದು ಸಾಯೋದನ್ನ ನೋಡೋ ಶಕ್ತಿ ನಂಗಿರ್ಲಿಲ್ಲ ಕಣಮ್ಮ. ಕೆಟ್ಟ ಜಾಗದಲ್ಲಿ ಬಿಡ್ಲಿಲ್ಲ. ಅಲ್ಲಿ ನೆರಳಿತ್ತು."

"ಅಮ್ಮನ ಕೋಣೇಲೂ ನೆರಳಿತ್ತು ಅಪ್ಪ," ಅಂದಳು ಮೆಲ್ಲಿ.

ಆ ಮಾತು ಬಾಯಿಂದ ಬಂದಮೇಲೇ ಅದರ ಅರ್ಥ ಅವಳಿಗೂ ಆದದ್ದು. ನಾಲ್ಕು ತಿಂಗಳ ಅರ್ಜೆಂಟು ಕೆಲಸ, ಆ ಮಧ್ಯಾಹ್ನದ ಯಂತ್ರದ ಸದ್ದು. ಅಪ್ಪ ತಲೆ ತಗ್ಗಿಸಿದರು. ಅಲ್ಲ ಅನ್ನಲಿಲ್ಲ. ಅಲ್ಲ ಅನ್ನಲಿ ಎಂದು ಅವಳು ಎಷ್ಟು ಹೊತ್ತು ಕಾದಳು!

ಸಂಜೆ ಅಡುಗೆಮನೆಯಲ್ಲಿ ಅವಳು ಅತ್ತಿಗೆಯ ಹಿಂದೆ ಹೋಗಿ ನಿಂತಳು. "ಅತ್ತಿಗೆ, ನಾನು..."

"ಬೇಡ. ತಪ್ಪಾಯ್ತು ಗಿಪ್ಪಾಯ್ತು ಏನೂ ಬೇಡ," ಅಂದಳು ಅತ್ತಿಗೆ, ತಿರುಗದೆ. "ಇನ್ನೊಂದು ಸಲ ಈ ಮನೇಲಿ ಏನಾದ್ರೂ ಕಳೆದ್ರೆ ಮೊದ್ಲು ನನ್ನ ಮುಖ ನೋಡ್ಬೇಡ, ಅಷ್ಟು ಸಾಕು. ತಟ್ಟೆ ತಗೋ. ನಾನೇ ಬಡಿಸಿರೋದು. ಬೇಕಾದ್ರೆ ಉಣ್ಣು."

ಮೆಲ್ಲಿ ಉಂಡಳು.

ಗೋಂದು ಇನ್ನೂ ಹದಿನೆಂಟು ದಿನ ಇತ್ತು. ಕೊನೆಯ ದಿನ ಮೇಲಿನ ಹಿಂಬದಿ ಕೋಣೆಯಲ್ಲಿ, ಅಮ್ಮ ಮಲಗುತ್ತಿದ್ದ ಕಿಟಕಿಯ ಕೆಳಗೆ, ಹಳೆಯ ಹೊದಿಕೆಯ ಮೇಲೆ ಮಲಗಿತ್ತು. ಬೆಳಗ್ಗೆಯಿಂದ ಉಸಿರು ಎಳೆಯುವುದು, ನಿಲ್ಲುವುದು, ಮತ್ತೆ ಎಳೆಯುವುದು. ಮೆಲ್ಲಿ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅತ್ತಿಗೆ ಗೋಡೆಗೊರಗಿ ಕಾಲು ಚಾಚಿ, ಒದ್ದೆಯಾದಾಗಲೆಲ್ಲ ಬಟ್ಟೆ ಬದಲಿಸುತ್ತಿದ್ದಳು. ಅಣ್ಣ ಎರಡು ಸಲ ಕೆಳಗೆ ಹೋಗಿ, "ಅಪ್ಪ, ಬನ್ನಿ ಒಂದ್ ಗಳಿಗೆ," ಎಂದು ಕರೆದು ಬಂದ.

"ಬಂದೆ, ಬಂದೆ. ಒಂದು ಅರ್ಜೆಂಟು ಕೆಲಸ ಇದೆ," ಅಂದರಂತೆ.

ಇದ್ದ ಪುಸ್ತಕಗಳನ್ನೆಲ್ಲ ಹಿಂದಿನ ದಿನವೇ ಮೆಲ್ಲಿ ಕೊಟ್ಟು ಬಂದಿದ್ದಳು. ಅಂಗಡಿಯಲ್ಲಿ ಕತ್ತರಿಸಲು ಏನೂ ಇರಲಿಲ್ಲ. ಆದರೂ ಕೆಳಗೆ ಯಂತ್ರ ನಡೆಯುತ್ತಿತ್ತು. ಅದರ ಅಲಗು ಧಡ್ ಎಂದು ಬಿದ್ದಾಗಲೆಲ್ಲ ಗೋಂದುವಿನ ಒಂದು ಕಿವಿ ಆ ಸದ್ದಿನ ಕಡೆಗೇ ತಿರುಗುತ್ತಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ತಿರುಗುವುದು ನಿಂತಿತು. ಯಂತ್ರ ಮಾತ್ರ ಐದರವರೆಗೂ ನಿಲ್ಲಲಿಲ್ಲ.