ಮದ್ದಿಲ್ಲದ ನೀಲಿ ಪಂಪು

ನಾನು ಒಂದು ಇನ್‌ಹೇಲರ್. ಉಬ್ಬಸದವರು ಬಾಯಿಗಿಟ್ಟುಕೊಂಡು ಒತ್ತುತ್ತಾರಲ್ಲ, ಜನ ಪಂಪು ಅನ್ನುತ್ತಾರಲ್ಲ, ಆ ಜಾತಿ. ಬಣ್ಣ ನೀಲಿ. ಆದರೆ ನನ್ನೊಳಗೆ ಮದ್ದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳಲೇಬೇಕಾಗಿದ್ದ ಹೊತ್ತಿನಲ್ಲಿ ನನಗೆ ಬಾಯಿ ಇತ್ತು, ಮಾತಿರಲಿಲ್ಲ.

ನಾನು ಹುಟ್ಟಿದ ದಿನ ಕಾರ್ಖಾನೆಯಲ್ಲಿ ಔಷಧಿಯ ತೊಟ್ಟಿಯನ್ನು ತೊಳೆದು ಒಣಗಿಸಿದ್ದರು. ಹಿಂದಿನ ದಿನ ಅದೇ ಸಾಲಿನಲ್ಲಿ ಹುಟ್ಟಿದ ಅಣ್ಣಂದಿರ ಹೊಟ್ಟೆಗೆ ಮದ್ದು ಬಿದ್ದಿತ್ತು. ನಮ್ಮ ಹೊಟ್ಟೆಗೆ ತುಂಬಿದ್ದು ಬರೀ ಗಾಳಿ. ಅದೇ ಅಚ್ಚು, ಅದೇ ಮುಚ್ಚಳ, ಒತ್ತಿದರೆ ಅದೇ ಪುಸ್ಸೆನ್ನುವ ಸದ್ದು. ನಮ್ಮ ಮೈಮೇಲೆ ಮಾತ್ರ ಸಾಸಿವೆಕಾಳಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ, ಇದರಲ್ಲಿ ಔಷಧಿಯಿಲ್ಲ, ತೋರಿಸಿ ಕಲಿಸುವುದಕ್ಕೆ ಮಾತ್ರ ಎಂದು ಅಚ್ಚು ಹಾಕಿದರು. ಅಣ್ಣಂದಿರು ಅಂಗಡಿಗಳಿಗೆ ಹೋದರು. ನಾನು ಒಬ್ಬ ಮೆಡಿಕಲ್ ರೆಪ್ಪಿನ ಚೀಲ ಸೇರಿದೆ. ಅಲ್ಲಿ ಪೆನ್ನು, ಕ್ಯಾಲೆಂಡರುಗಳ ಜೊತೆ ಊರೂರು ತಿರುಗಿ, ಕೊನೆಗೆ ದಾವಣಗೆರೆಯ ಒಂದು ಆಸ್ಪತ್ರೆಗೆ ಬಂದೆ. ಔಷಧಶಾಸ್ತ್ರದ ಫಾರ್ಮ್ ಡಿ ಓದುವ ಹುಡುಗ ಹುಡುಗಿಯರು ಕೊನೆಯ ವರ್ಷ ಅಲ್ಲಿಯೇ ವಾರ್ಡುಗಳಲ್ಲಿ ಕೆಲಸ ಕಲಿಯುತ್ತಾರೆ. ಒಂದು ತಿಂಗಳು ಎದೆರೋಗದ ವಾರ್ಡು, ಒಂದು ತಿಂಗಳು ಮಕ್ಕಳದ್ದು, ಹೀಗೆ ಸುತ್ತು. ಒಂದು ವಾರ್ಡಿನ ಮುಖಗಳು ಪರಿಚಯವಾಗುವಷ್ಟರಲ್ಲಿ ಮುಂದಿನದಕ್ಕೆ ಹೋಗುವ ದಿನ ಬಂದಿರುತ್ತದೆ.

ಎದೆರೋಗದ ವಾರ್ಡಿನಲ್ಲಿ ಮೊದಲು ನನ್ನನ್ನು ಹಿಡಿದವಳು ನಾಜಿಯಾ. ಬಾಯಿ ಜೋರು, ಕೈ ಚುರುಕು. ಅವಳ ತಿಂಗಳು ಮುಗಿದ ದಿನ ನನ್ನನ್ನು ಮುಂದಿನ ತಿಂಗಳಿಗೆ ಬಂದ ಬಿಂದುಶ್ರೀಯ ಅಂಗೈಗೆ ಹಾಕಿ, "ತಗಾ, ಇವನು ನಮ್ಮ ಡಿಪಾರ್ಟ್‌ಮೆಂಟಿನ ಅಳಿಯ. ಒಳಗೇನೂ ಇಲ್ಲ, ಮರ್ಯಾದೆ ಮಾತ್ರ ಜಾಸ್ತಿ" ಅಂದಳು.

ಬಿಂದುಶ್ರೀ ನಕ್ಕಳು, ಸದ್ದಾಗದ ಹಾಗೆ. ಅವಳ ಎಲ್ಲವೂ ಹಾಗೆಯೇ, ಸದ್ದಾಗದ ಹಾಗೆ. ಮಂಚದ ಬಳಿ ನಿಂತು ಮಾತು ಶುರುಮಾಡುವ ಮುಂಚೆ ಏಪ್ರನ್ನಿನ ಜೇಬಿನೊಳಗೆ ನನ್ನನ್ನು ಬಿಗಿಯಾಗಿ ಹಿಡಿಯುವಳು. ಅಂಗೈ ಬೆವರಿರುತ್ತಿತ್ತು. "ಅಮ್ಮಾ, ನಾನು..." ಎಂದು ಶುರುಮಾಡಿದ್ದು ಅರ್ಧದಲ್ಲೇ ನಿಂತು, ಪೇಶಂಟು "ಏನವ್ವಾ, ರಕ್ತ ತಗಳ್ಳಾಕ್ ಬಂದ್ಯಾ?" ಅನ್ನುವವರೆಗೂ ಮುಂದುವರಿಯುತ್ತಿರಲಿಲ್ಲ. ಆದರೆ ಕಲಿಸಲು ಕೂತರೆ ಅವಳಷ್ಟು ತಾಳ್ಮೆಯಿಂದ ಕಲಿಸುವವರು ಆ ವಾರ್ಡಿನಲ್ಲಿ ಇರಲಿಲ್ಲ. ಒಬ್ಬರಿಗೆ ತೋರಿಸಿದ ಮೇಲೆ ಸ್ಪಿರಿಟ್ಟಿನ ಹತ್ತಿಯಿಂದ ನನ್ನ ಬಾಯಿ ಒರೆಸಿ, ಆರಿದ ಮೇಲಷ್ಟೇ ಇನ್ನೊಬ್ಬರ ಬಳಿ ಹೋಗುವಳು.

ಆ ತಿಂಗಳ ಎರಡನೆಯ ವಾರ ಕೊಟ್ರಮ್ಮ ಬಂದಳು. ಐವತ್ತರ ಹೆಂಗಸು. ಊರಂಚಿನ ಮಂಡಕ್ಕಿ ಭಟ್ಟಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಒಲೆಯ ಮುಂದೆ ಕೂತು ಮಂಡಕ್ಕಿ ಹುರಿದವಳು. ಉರಿಸುವ ಭತ್ತದ ಹೊಟ್ಟಿನ ಹೊಗೆ ಕುಡಿದು ಕುಡಿದು ಎದೆಯಲ್ಲಿ ಉಬ್ಬಸ ಮನೆ ಮಾಡಿತ್ತು. ಗಂಡ ದುರುಗಪ್ಪ ಅದೇ ಭಟ್ಟಿಗೆ ಹೊಟ್ಟು ಹಾಕುವವನು. ಐದು ದಿನಕ್ಕೆ ಕೊಟ್ರಮ್ಮ ಸುಧಾರಿಸಿದಳು. ಇನ್ನು ಮನೆಗೆ ಹೋಗಬಹುದು, ಆದರೆ ಉಬ್ಬಸ ಎದ್ದಾಗ ಪಂಪು ಎಳೆದುಕೊಳ್ಳಬೇಕು ಅಂದರು ಡಾಕ್ಟರು. ಕೊಟ್ರಮ್ಮ ಸುತರಾಂ ಒಪ್ಪಲಿಲ್ಲ.

"ಬ್ಯಾಡವ್ವಾ ಅದು. ಒಂದ್ ಸಲ ಹಿಡಿದ್ರೆ ಸಾಯೋಗಂಟ ಬಿಡಲ್ವಂತೆ. ಗುಳಿಗಿ ಕೊಡು, ಎಷ್ಟಾರ ನುಂಗ್ತೀನಿ."

ಬಿಂದುಶ್ರೀ ಎರಡು ದಿನ ಅವಳ ಪಕ್ಕ ಕೂತಳು. ಗುಳಿಗೆ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಆಮೇಲೆ ಎದೆ ಮುಟ್ಟಬೇಕು, ಇದು ನೇರ ಹೋಗುತ್ತೆ, ಅಷ್ಟೇ ವ್ಯತ್ಯಾಸ ಅಂದಳು. ಚಟವಾಗುವುದಿಲ್ಲ ಎಂದು ಎಷ್ಟು ಸಲ ಹೇಳಿದಳೋ. ಮೂರನೆಯ ದಿನ ಕೊಟ್ರಮ್ಮ, "ನಿನ್ ಮುಖ ನೋಡಿ ಒಪ್ಪೀನಿ ನೋಡು. ಬ್ಯಾರೆಯವರು ಹೇಳಿದ್ರೆ ಕೇಳ್ತಿರಲಿಲ್ಲ" ಅಂದು ಕೈ ಚಾಚಿದಳು.

ನನ್ನನ್ನು ಅಲುಗಾಡಿಸಿದಳು. ಉಸಿರೆಲ್ಲ ಹೊರಗೆ ಬಿಟ್ಟಳು. ತುಟಿಯಲ್ಲಿ ನನ್ನನ್ನು ಕಚ್ಚಿ, ಒತ್ತುತ್ತಾ ನಿಧಾನವಾಗಿ ಎಳೆದುಕೊಂಡಳು. ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಅವಳು ಏಳಕ್ಕೇ ಕೆಮ್ಮಿದಳು. ದುರುಗಪ್ಪ ಪಕ್ಕದಲ್ಲಿ ನಿಂತು, "ಏನೇ ಅದು, ಪೀಪಿ ಊದಿದಂಗ ಮಾಡ್ತೀಯ" ಅಂದ. "ಸುಮ್ನಿರ್ರಿ, ಲೆಕ್ಕ ತಪ್ಪುತೈತೆ" ಅಂದು ಮತ್ತೆ ಎಳೆದಳು. ನಾಲ್ಕನೆಯ ಸಲಕ್ಕೆ ಹತ್ತು ಮುಟ್ಟಿತು. ಬಿಂದುಶ್ರೀಯ ಮುಖದಲ್ಲಿ ಆ ದಿನ ಕಂಡಂಥ ಬೆಳಕನ್ನು ನಾನು ಮತ್ತೆ ನೋಡಲಿಲ್ಲ.

ಆಮೇಲೆ ಅವಳು ಕೊಟ್ರಮ್ಮನ ಸ್ವಂತ ಪಂಪನ್ನು ಡಬ್ಬಿಯಿಂದ ತೆಗೆದು, "ಇದೂ ಅದೇ ಥರ ಅಮ್ಮಾ" ಎಂದು ನನ್ನ ಪಕ್ಕ ಹಾಸಿಗೆಯ ಮೇಲಿಟ್ಟಳು. ಅಣ್ಣ ತಮ್ಮ ಇಬ್ಬರೂ ಒಂದೇ ಬಣ್ಣ, ಒಂದೇ ಎತ್ತರ. ಅಷ್ಟರಲ್ಲಿ ರೌಂಡ್ಸ್ ಬಂತು. ದೊಡ್ಡ ಡಾಕ್ಟರು ಮುಂದೆ, ಹಿಂದೆ ಹತ್ತು ಹನ್ನೆರಡು ಜನ.

"ಯಾರಮ್ಮ ನೀನು, ನರ್ಸಿಂಗಾ?"

"ಫಾರ್ಮ್ ಡಿ, ಸರ್."

"ಅಂದ್ರೆ?"

ಅವಳು ಉತ್ತರ ಹುಡುಕುವಷ್ಟರಲ್ಲಿ ಹಿಂದಿನವರು ಮುಂದೆ ನುಗ್ಗಿದರು. ಬಿಂದುಶ್ರೀ ಗಡಿಬಿಡಿಯಲ್ಲಿ ಎರಡನ್ನೂ ಬಾಚಿಕೊಂಡಳು. ಒಂದನ್ನು ಡಬ್ಬಿಗೆ ಹಾಕಿ ಕೊಟ್ರಮ್ಮನ ಕೈಗಿಟ್ಟಳು, ಇನ್ನೊಂದನ್ನು ಜೇಬಿಗಿಳಿಸಿ ಗೋಡೆಯ ಬಳಿ ಹೋಗಿ ನಿಂತಳು. ನನ್ನ ಸುತ್ತ ಕತ್ತಲಾಯಿತು. ಹೊಸ ರಟ್ಟಿನ ವಾಸನೆ ಬಂತು. ನಾನು ಡಬ್ಬಿಯಲ್ಲಿದ್ದೆ.

ಅರ್ಧ ಗಂಟೆಯಲ್ಲಿ ಕೊಟ್ರಮ್ಮ ಮನೆಗೆ ಹೊರಟಳು. ಆಟೋದಲ್ಲಿ ನಾನು ಅವಳ ಮಡಿಲಲ್ಲಿದ್ದೆ. ಡಬ್ಬಿಯ ಗೋಡೆಗೆ ಮೈ ಬಡಿದುಕೊಂಡೆ. ರಸ್ತೆಯ ಹೊಂಡಗಳೇ ನನ್ನನ್ನು ಬಡಿದದ್ದು ಎಂದರೂ ಸರಿಯೇ.

ಎರಡು ದಿನ ಅವಳು ನನ್ನನ್ನು ದೇವರ ಗೂಡಿನ ಪಕ್ಕದ ಮೊಳೆಗೆ ಚೀಲದಲ್ಲಿ ತೂಗುಹಾಕಿ ನೋಡಿಕೊಂಡಳು. ಎದೆ ಸ್ವಲ್ಪ ಬಿಗಿಯಾದರೆ ಇಳಿಸಿ, ಹೇಳಿಕೊಟ್ಟ ಹಾಗೇ ಅಲುಗಾಡಿಸಿ, ಎಳೆದು, ಬೆರಳು ಮಡಿಸುತ್ತಾ ಹತ್ತು ಎಣಿಸುವಳು. ಎಣಿಸಿ ಮುಗಿಸಿ, "ತಣ್ಣಗಾತು ನೋಡ್ರಿ. ಆ ಹುಡುಗಿ ಹೇಳಿದಂಗೇ ಆತು" ಅನ್ನುವಳು. ನಾನು ಏನೂ ಕೊಟ್ಟಿರಲಿಲ್ಲ. ಆಸ್ಪತ್ರೆಯಲ್ಲಿ ಕೊಟ್ಟ ಮದ್ದಿನ ಬಲ ಇನ್ನೂ ಮೈಯಲ್ಲಿತ್ತೋ, ನಂಬಿಕೆಗೇ ಅಷ್ಟು ಬಲವಿತ್ತೋ, ಅಂತೂ ಅವಳಿಗೆ ಹಗುರಾಯಿತು. ಒಂದು ಗಳಿಗೆ ನನಗೂ ಅನುಮಾನ ಬಂತು, ನನ್ನೊಳಗೆ ಏನಾದರೂ ಇದ್ದರೂ ಇರಬಹುದೇನೋ ಎಂದು. ಆ ಧೈರ್ಯದಲ್ಲೇ ಮೂರನೆಯ ದಿನ ಅವಳು ಭಟ್ಟಿಗೆ ಹೋದಳು.

ಹನ್ನೊಂದು ಗಂಟೆಯ ಹೊತ್ತಿಗೆ ಗಾಳಿ ತಿರುಗಿ ಹೊಗೆಯೆಲ್ಲ ಒಳಕ್ಕೆ ಬಂತು. ಕೊಟ್ರಮ್ಮ ಜರಡಿ ಕೆಳಗಿಟ್ಟು ಸೊಂಟದಿಂದ ನನ್ನನ್ನು ತೆಗೆದಳು. ಒತ್ತಿದಳು. ಎಣಿಸಿದಳು. ಮತ್ತೆ ಒತ್ತಿದಳು. ನಾಲ್ಕರ ಮೇಲೆ ಎಣಿಸಲು ಉಸಿರೇ ಇರಲಿಲ್ಲ. ದುರುಗಪ್ಪ ಸಲಿಕೆ ಎಸೆದು ಓಡಿಬಂದು ನನ್ನನ್ನು ಕಿತ್ತುಕೊಂಡು ತಾನೇ ಅವಳ ಬಾಯಿಗೆ ಹಿಡಿದ.

"ಎಳಕಾ. ಇನ್ನೊಂದ್ಸಲ ಎಳಕಾ. ಕೊಟ್ರೀ, ನನ್ ಮಾತ್ ಕೇಳು, ಇನ್ನೊಂದ್ಸಲ."

ಅವನು ಒತ್ತಿದಷ್ಟು ಸಲ ನಾನು ಪುಸ್ಸೆಂದೆ. ಇದ್ದದ್ದನ್ನೆಲ್ಲ ಕೊಟ್ಟೆ. ಇದ್ದದ್ದು ಗಾಳಿ. ಅವಳ ಕಣ್ಣು ನನ್ನ ಮೇಲೇ ಇತ್ತು. ತುಟಿ ನೀಲಿಯಾಗುವುದನ್ನು ಅಷ್ಟು ಹತ್ತಿರದಿಂದ ನೋಡಿದವನು ನಾನೊಬ್ಬನೇ. ಮಂಡಕ್ಕಿ ಮೂಟೆ ಸಾಗಿಸುವ ಆಟೋದಲ್ಲಿ, ಮೂಟೆಗಳ ಮೇಲೆಯೇ ಅವಳನ್ನು ಮಲಗಿಸಿ ಆಸ್ಪತ್ರೆಗೆ ತಂದರು. ದಾರಿಯುದ್ದಕ್ಕೂ ನಾನು ಅವಳ ಮುಷ್ಟಿಯಲ್ಲಿದ್ದೆ.

ಕ್ಯಾಶುವಾಲ್ಟಿಯಲ್ಲಿ ಮೂಗಿಗೆ ಮಾಸ್ಕು ಹಾಕಿ, ಸೂಜಿ ಚುಚ್ಚಿ, ಅಂತೂ ಉಸಿರು ತಿರುಗಿಸಿದರು.

"ಪಂಪು ಹೊಡ್ಕೊಂಡಿರ್ಲಿಲ್ವಾ?" ಎಂದು ಅಲ್ಲಿನ ಎಳೆಯ ಡಾಕ್ಟರು ಕೇಳಿದರು.

"ಹದ್ನೈದ್ ಸಲ ಹೊಡದೀವಿ ಸಾರ್."

"ಹೊಡೆಯೋ ರೀತಿ ಗೊತ್ತಿಲ್ಲ ನಿಮಗೆ" ಎಂದು ಅವರು ಕೇಸ್ ಶೀಟಿನಲ್ಲಿ ಅದನ್ನೇ ಬರೆದರು. ನಾನು ಮಂಚದ ಮೇಲೆ, ಅಚ್ಚಿನ ಅಕ್ಷರ ಮೇಲಾಗಿ ಬಿದ್ದಿದ್ದೆ. ಯಾರೂ ಓದಲಿಲ್ಲ.

ಓದಿದವಳು ಬಿಂದುಶ್ರೀ. ಎಲ್ಲಿಂದಲೋ ಓಡುತ್ತಾ ಬಂದಳು. ನನ್ನನ್ನು ಎತ್ತಿಕೊಂಡು, ಓದಿ, ಜೇಬಿಗೆ ಹಾಕಿಕೊಂಡಳು.

ಮಧ್ಯಾಹ್ನ ಹಾಲೇಶ್ ಸರ್ ಎದುರು ನಿಂತಳು. ಅವರು ಅವಳ ಮೇಷ್ಟ್ರು, ಡಿಪಾರ್ಟ್‌ಮೆಂಟಿನ ಹಿರಿಯರು. ನನ್ನನ್ನು ಮೇಜಿನ ಮೇಲಿಟ್ಟು ಎಲ್ಲ ಹೇಳಿದಳು. ಅವರು ಬೈಯಲಿಲ್ಲ. ನನ್ನನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಈ ವಾರ್ಡಿಗೆ ನಮ್ಮ ಫಾರ್ಮ್ ಡಿಯವರನ್ನ ಬಿಟ್ಕೊಳ್ಳೋಕೇ ಆರು ವರ್ಷ ತಗೊಂಡ್ರು. ಇರಲಿ. ಡಾಕ್ಟರಿಗೆ ನಾನು ಹೇಳ್ತೀನಿ, ಕೇಸ್ ಶೀಟಲ್ಲೂ ತಿದ್ದಿಸ್ತೀನಿ. ಆ ಯಮ್ಮನಿಗೆ ಮಾತ್ರ ಹೇಳ್ಬೇಡ."

"ಯಾಕೆ ಸರ್?"

"ಹಳೇದು ಖಾಲಿಯಾಗಿತ್ತು ಅಂತ ಹೇಳಿ ಹೊಸದು ಕೊಡು. ನಿಜ ಹೇಳಿದ್ರೆ ನಿನ್ನ ಮನಸ್ಸು ಹಗುರಾಗುತ್ತೆ, ಸರಿ. ಅವಳು ಮತ್ತೆ ಪಂಪು ಮುಟ್ಟಲ್ಲಮ್ಮ."

ಮರುದಿನ ಬಿಂದುಶ್ರೀ ಹೊಸ ಪಂಪು ಹಿಡಿದು ವಾರ್ಡಿಗೆ ಹೋದಳು. ಸರ್ ಹೇಳಿಕೊಟ್ಟ ಮಾತನ್ನು ಮೆಟ್ಟಿಲುದ್ದಕ್ಕೂ ಬಾಯಲ್ಲೇ ಹೇಳಿಕೊಳ್ಳುತ್ತಿದ್ದಳು. ಜೇಬಿನಲ್ಲಿದ್ದ ನನಗೆ ಕೇಳುತ್ತಿತ್ತು. ಹಾಗೇ ಹೇಳಿಬಿಡುತ್ತಿದ್ದಳೋ ಏನೋ. ಆದರೆ ಅವಳನ್ನು ಕಂಡ ಕೂಡಲೇ ಕೊಟ್ರಮ್ಮ ಎದ್ದು ಕೂರಲು ನೋಡಿದಳು.

"ತಪ್ಪಾತವ್ವಾ. ನೀ ಅಷ್ಟ್ ಹೇಳಿಕೊಟ್ಟಿದ್ದಿ. ಗಾಬರಿಗೆ ಹತ್ತು ಎಣಿಸ್ಲಿಲ್ಲ ನಾನು. ನಿನ್ ಹೆಸರು ಕೆಡಿಸಿಬಿಟ್ಟೆ."

ಬಿಂದುಶ್ರೀ ಮಂಚದ ಅಂಚಿನಲ್ಲಿ ಕೂತಳು. ಎಲ್ಲ ಹೇಳಿಬಿಟ್ಟಳು. ಅದಲುಬದಲಾದದ್ದು, ಎರಡು ದಿನ ಕೊಟ್ರಮ್ಮನ ಪಂಪಿನಲ್ಲೇ ಬೇರೆಯವರಿಗೆ ಕಲಿಸಿದ್ದು, ಮೂರನೆಯ ದಿನ ಒರೆಸುವಾಗ ಮೈಮೇಲಿನ ಮದ್ದಿನ ಹೆಸರು ಓದಿ ಗೊತ್ತಾದದ್ದು, ದುರುಗಪ್ಪನ ನಂಬರಿಗೆ ಫೋನು ಹೋಗದೇ ಇದ್ದದ್ದು. "ಸರ್‌ಗೆ ಹೇಳೋಣ ಅಂತ ಅವರ ರೂಮಿನ ಬಾಗಿಲಿಗೆ ಹೋದೆ ಅಮ್ಮಾ. ಒಳಗೆ ಹೋಗೋಕೆ ಹೆದರಿಕೆಯಾಯ್ತು. ಅರ್ಧ ಗಂಟೆ ಹೊರಗೇ ನಿಂತಿದ್ದೆ. ನಿಂತಿರುವಾಗಲೇ ನಿಮ್ಮನ್ನ ಕರ್ಕೊಂಡು ಬಂದ್ರು."

ಅವಳು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ದುರುಗಪ್ಪ ಗೋಡೆ ಕಡೆ ತಿರುಗಿ ನಿಂತ. ಕೊಟ್ರಮ್ಮ ಕೇಳಿದಳು, "ಮದ್ದೇ ಇರಲಿಲ್ಲಾ ಅದ್ರಾಗ?"

"ಇರಲಿಲ್ಲ."

"ಮತ್ತೆ ಎಲ್ಡ್ ದಿನ ತಣ್ಣಗಾತಲ್ಲ ನಂಗೆ?"

ಬಿಂದುಶ್ರೀ ಹೊಸ ಪಂಪನ್ನು ಮುಂದೆ ಹಿಡಿದಳು. ಅದರ ಬೆನ್ನಿನಲ್ಲಿ ಒಂದು ಪುಟ್ಟ ಕಿಟಕಿ, ಒತ್ತಿದ ಹಾಗೆಲ್ಲ ಒಂದೊಂದೇ ಇಳಿಯುವ ಅಂಕಿ. "ನೋಡಿ, ಇನ್ನೂರು ಇದೆ. ಇದರಲ್ಲಿ ನಿಜವಾಗಿಯೂ ಮದ್ದಿದೆ ಅಮ್ಮಾ."

ಕೊಟ್ರಮ್ಮ ಅದನ್ನು ಕಿವಿಯ ಹತ್ತಿರ ಅಲುಗಾಡಿಸಿದಳು. ಮೂಸಿದಳು. "ಅದೂ ಹಿಂಗೇ ಇತ್ತಲ್ಲವ್ವಾ" ಅಂದಳು. ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಬಿಂದುಶ್ರೀ ತಲೆಯೆತ್ತುತ್ತಿದ್ದಳೇನೋ.

ಹಾಲೇಶ್ ಸರ್ ಹೇಳಿದ ಹಾಗೆಯೇ ಮಾಡಿದರು, ಡಾಕ್ಟರ ಹತ್ತಿರ ಬೈಸಿಕೊಂಡು ಬಂದರು. ನನ್ನನ್ನು ಡ್ರಾಯರಿನ ಒಳಗಿಡು ಅಂದರು. ಬಿಂದುಶ್ರೀ ನನ್ನ ಮೈಗೆ ಬಿಳಿ ಪಟ್ಟಿ ಸುತ್ತಿ, ಕನ್ನಡದಲ್ಲಿ ದಪ್ಪಗೆ 'ಮದ್ದಿಲ್ಲ' ಎಂದು ಬರೆದು, ಒಳಗಿಡದೆ ಜೇಬಿನಲ್ಲೇ ಇಟ್ಟುಕೊಂಡಳು. ಯಾರಿಗೂ ತೋರಿಸಲಿಲ್ಲ. ಸುಮ್ಮನೆ ಇಟ್ಟುಕೊಂಡಳು.

ತಿಂಗಳ ಕೊನೆಯ ದಿನ ಕೊಟ್ರಮ್ಮ ಹೊರರೋಗಿಗಳ ಸಾಲಿಗೆ ಬಂದಳು. ಬಿಂದುಶ್ರೀ ಬೆಳಿಗ್ಗೆಯಿಂದ ಆ ಸಾಲನ್ನೇ ಕಾಯುತ್ತಿದ್ದಳು. ಬೆಂಚಿನಲ್ಲಿ ಕೂತ ಕೊಟ್ರಮ್ಮನ ಭುಜಗಳು ಉಸಿರಿಗೊಮ್ಮೆ ಮೇಲೇಳುತ್ತಿದ್ದವು.

"ಪಂಪು ತಂದಿದ್ದೀರಾ ಅಮ್ಮಾ?"

"ಓ, ಬಿಟ್ಟು ಬರ್ತೀನಾ?" ಮಡಿಲಿನಿಂದ ಒಗೆದ ಬಿಳಿ ಬಟ್ಟೆಯ ಗಂಟು ತೆಗೆದು ಬಿಚ್ಚಿದಳು. ಪಂಪು ಹೊಚ್ಚಹೊಸದರ ಹಾಗೆ ಹೊಳೆಯುತ್ತಿತ್ತು. ಬಿಂದುಶ್ರೀ ಪಂಪಿನ ಬೆನ್ನು ತಿರುಗಿಸಿ ಅಂಕಿಯ ಕಿಟಕಿ ನೋಡಿದಳು. ಇನ್ನೂರು.

"ಒಂದು ಸಲವೂ ತಗೊಂಡಿಲ್ವಾ?"

"ಗುಳಿಗಿ ಐತಲ್ಲವ್ವಾ, ಸಾಕು. ಇದನ್ನ ನೀ ಕೊಟ್ಟಿದ್ದು ಅಂತ ಇಟ್ಕಂಡೀನಿ."

"ಈಗ, ನನ್ನೆದುರಿಗೆ, ಒಂದೇ ಒಂದು ಸಲ."

ಕೊಟ್ರಮ್ಮ ಅವಳ ಗಲ್ಲ ಸವರಿದಳು. "ಆಮ್ಯಾಲೆ ನೋಡಾಣ ಬಿಡು" ಅಂದು ಪಂಪನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದಳು, ಮೂಲೆ ಮೂಲೆ ಮಡಿಸಿ, ನಿಧಾನವಾಗಿ.

ಮರುದಿನದಿಂದ ಬಿಂದುಶ್ರೀಗೆ ಮಕ್ಕಳ ವಾರ್ಡು. ಮುಂದೆ ಬರುವ ಹುಡುಗಿಗೆಂದು ಒಂದು ಹಾಳೆಯಲ್ಲಿ ಕೊಟ್ರಮ್ಮನ ಹೆಸರು, ಭಟ್ಟಿಯ ಗುರುತು, ಮತ್ತೆ ಬರುವ ತಾರೀಕು ಎಲ್ಲ ಬರೆದು, ಹಾಳೆಯನ್ನೂ ನನ್ನನ್ನೂ ಡಿಪಾರ್ಟ್‌ಮೆಂಟಿನ ಡ್ರಾಯರಿನಲ್ಲಿಟ್ಟಳು. ಮುಚ್ಚುವ ಮುಂಚೆ ನನ್ನನ್ನು ಎತ್ತಿ ಒಮ್ಮೆ ಒತ್ತಿ ನೋಡಿದಳು. ಸದ್ದೇ ಬರಲಿಲ್ಲ. ದುರುಗಪ್ಪ ಒತ್ತಿದ್ದೇ ಕೊನೆಯದಾಗಿತ್ತು.

ಈಗ ಇಲ್ಲಿ ಸ್ಟೇಪ್ಲರ್ ಪಿನ್ನು, ಬಣ್ಣ ಹೋದ ಗುರುತಿನ ಚೀಟಿಗಳ ನಡುವೆ ಬಿದ್ದಿದ್ದೇನೆ. ಬಾಳಿನಲ್ಲಿ ನನಗೆ ಸಿಕ್ಕಷ್ಟು ನಂಬಿಕೆ ಹೊಟ್ಟೆ ತುಂಬ ಮದ್ದಿರುವ ನನ್ನಣ್ಣನಿಗೆ ಸಿಗಲಿಲ್ಲ. ಅದು ನಾನು ಕಸಿದುಕೊಂಡದ್ದಲ್ಲ, ನನಗೆ ಬೇಕಾದದ್ದೂ ಅಲ್ಲ. ಹಿಂದಿರುಗಿಸುವ ದಾರಿಯೂ ನನಗೆ ಗೊತ್ತಿಲ್ಲ. ಯಾರಾದರೂ ಡ್ರಾಯರ್ ಎಳೆದಾಗ ಬೆಳಕಿನ ಜೊತೆ ಎರಡು ಮಾತೂ ಒಳಗೆ ಬೀಳುತ್ತವೆ. ನಾನು ಕಿವಿಗೊಡುವುದು ಒಂದೇ ಸುದ್ದಿಗೆ, ಕೊಟ್ರಮ್ಮನ ಪಂಪಿನ ಆ ಕಿಟಕಿಯಲ್ಲಿ ಅಂಕಿ ಒಂದಾದರೂ ಇಳಿಯಿತೇ ಎಂದು.