ಒಳಗೆ ಯಾರಿದ್ದಾರೆ?

ಬೀಗದವನಿಗೆ ಒಂದು ನೇಮವಿತ್ತು. ಬಾಗಿಲು ತೆಗೆದುಕೊಡು ಎಂದು ಯಾರೇ ಕರೆದರೂ, ತಂತಿ ತೂರಿಸುವ ಮುಂಚೆ ಒಂದು ಪ್ರಶ್ನೆ: "ತೆಗೆದ ತಕ್ಷಣ ಒಳಗೆ ಏನು ಕಾಣತ್ತೆ?" ಮನೆ ಅವರದೇ ಆಗಿದ್ದರೆ ಪಟಪಟನೆ ಹೇಳುತ್ತಾರೆ, ಕಳ್ಳನಾದರೆ ತಡವರಿಸುತ್ತಾನೆ. ಈ ಜಾಣತನದ ಬಗ್ಗೆ ಅವನಿಗೆ ತುಸು ಜಂಬವೂ ಇತ್ತು.

ಒಂದು ದಿನ ಮೂರನೇ ಮಹಡಿಯ ಮನೆಯೊಂದಕ್ಕೆ ಕರೆದ ಗಂಡಸು ತಡವರಿಸಲಿಲ್ಲ. "ಬಲಕ್ಕೆ ಚಪ್ಪಲಿ ಗೂಡು, ಎದುರಿಗೆ ನಿಂತುಹೋದ ಗಡಿಯಾರ." ಬಾಗಿಲು ತೆರೆದಾಗ ಗೂಡೂ ಇತ್ತು, ಗಡಿಯಾರವೂ ಇತ್ತು. ಗಡಿಯಾರದ ಕೆಳಗೆ, ಗೋಡೆಗೆ ಅಂಟಿಕೊಂಡು ಆತನ ಹೆಂಡತಿ ನಿಂತಿದ್ದಳು. "ಥ್ಯಾಂಕ್ಸ್ ಅಣ್ಣ," ಎಂದು ಆತ ನಯವಾಗಿ ಬಾಗಿಲು ಹಾಕಿಕೊಂಡ.

ಮಾರನೆಯ ದಿನ ಅವಳು ಅಂಗಡಿಗೆ ಬಂದಳು, ಕೈಗೆ ಬ್ಯಾಂಡೇಜು. "ಪಕ್ಕದ ಮನೆಯವರು ಸೇರಿ ಅವರನ್ನ ಆಚೆ ಕಳಿಸಿದ್ರು. ಹೊಸ ಬೀಗ ಬೇಕು. ನೀವು ತೆಗೆಯೋಕಾಗದಂಥದ್ದು."

ಅಂಥದ್ದು ಅವನ ಬಳಿ ಇರಲಿಲ್ಲ. ಇದ್ದುದರಲ್ಲೇ ಗಟ್ಟಿಯಾದದ್ದನ್ನು ಹಾಕಿಕೊಟ್ಟು, ನೇರ ಅಕ್ಕನ ಮನೆಗೆ ಹೋದ. ಭಾವ ಮನಶ್ಶಾಸ್ತ್ರದ ಮೇಷ್ಟರಾಗಿ ನಿವೃತ್ತರಾದವರು. ನಡೆದುದನ್ನೆಲ್ಲ ಹೇಳಿ, ಆ ಪಾಪ ತನಗೂ ತಟ್ಟುತ್ತದೆಯೇ ಎಂದು ಅವರನ್ನು ಕೇಳಿದ.

"ಪಾಪ ಗೀಪ ಎಲ್ಲ ಹಳೇ ಸರಕು ಕಣಯ್ಯ," ಎಂದರು ಭಾವ. "ದುಷ್ಟ ಅಂತ ಯಾರೂ ಹುಟ್ಟಲ್ಲ. ಬೆಳೆದ ರೀತಿ, ಮೆದುಳಿನ ಏರುಪೇರು, ಅಷ್ಟೇ. ನೀನು ನಿನ್ನ ಕೆಲಸ ಮಾಡಿದೆ."

"ಹೌದೌದು," ಅಕ್ಕ ಒಳಗಿನಿಂದಲೇ ಅಂದಳು. "ನಿನ್ನೆ ನನ್ನ ಮೇಲೆ ಕೂಗಾಡಿದ್ದೂ ಇವರ ಮೆದುಳೇ. ಪಾಪ, ಇವರು ಮನೇಲೇ ಇರ್ಲಿಲ್ಲ."

ಬೀಗದವನಿಗೆ ಎದೆ ಹಗುರಾಯಿತು. ಮೆಟ್ಟಿಲಿಳಿಯುವಷ್ಟರಲ್ಲಿ ಮತ್ತೆ ಭಾರವಾಯಿತು. ತಪ್ಪಿಲ್ಲವೆಂದು ಭಾವ ತನ್ನನ್ನು ದಾಟಿಸಿದ ಬಾಗಿಲಲ್ಲೇ, ತನ್ನ ಹಿಂದೆಯೇ, ಆ ಗಂಡಸೂ ಆರಾಮಾಗಿ ದಾಟಿಬಿಡುತ್ತಾನಲ್ಲ!

ವಾರದೊಳಗೆ ಆತ ಅಂಗಡಿಗೇ ಬಂದ. ಬೀಗದವನು ಆ ಮುಖದಲ್ಲಿ ಏನಾದರೊಂದು ಗುರುತು ಹುಡುಕಿದ. ನುಣ್ಣಗೆ ಕ್ಷೌರ ಮಾಡಿದ ಮುಖ. ಬಸ್ಸಿನಲ್ಲಿ ಎದ್ದು ಮುದುಕರಿಗೆ ಜಾಗ ಕೊಡುವಂಥದ್ದು.

"ಮತ್ತೆ ಅದೇ ಮನೆ ಅಣ್ಣ. ಬಲಕ್ಕೆ ಚಪ್ಪಲಿ ಗೂಡು..."

"ಅದು ಗೊತ್ತು. ಒಳಗೆ ಯಾರಿದ್ದಾರೆ?"

ಆತ ತಡವರಿಸಿದ. "ನನ್ನ ಹೆಂಡ್ತಿ."

"ಹಾಗಾದ್ರೆ ತಟ್ಟಿ. ಇಷ್ಟ ಇದ್ರೆ ಅವರೇ ತೆಗೀತಾರೆ."

ಆತ ನಕ್ಕ. "ಊರಲ್ಲಿ ಬೀಗ ತೆಗೆಯೋರು ನೀವೊಬ್ರೇನಾ?" ಎಂದು ಹೊರಟುಹೋದ.

ಅಲ್ಲ, ಇನ್ನೂ ಇಬ್ಬರಿದ್ದರು. ಇಬ್ಬರಿಗೂ ಕೆಲಸ ಕಲಿಸಿದವನು ಇವನೇ. ಆ ಜಾಣ ಪ್ರಶ್ನೆಯನ್ನೂ ಇವನೇ ಕಲಿಸಿದ್ದ.

ಪಾಪವೋ, ಮೆದುಳೋ, ಆಮೇಲೆ ನೋಡಿಕೊಳ್ಳೋಣವೆಂದು ಬೀಗದವನು ಅಂಗಡಿಗೆ ಬೀಗವನ್ನೂ ಹಾಕದೆ ಮೂರನೇ ಮಹಡಿಯ ಮನೆಯತ್ತ ಓಡಿದ.