ಸೋಮಾ ಕೂಡಿಸಿದ ಮೆಟ್ಟಿಲು

ಶಿವಲಿಂಗ ಸುತ್ತಿಗೆಯಿಂದ ಇನ್ನೊಮ್ಮೆ ಬಡಿದ. ಪಕ್ಕದ ತಗಡಿಗೆ ಬಡಿದಾಗ ಗಂಟೆಯಂತೆ ದನಿಗೊಟ್ಟ ಕಸದ ತೊಟ್ಟಿ, ತಳಕ್ಕೆ ಬಡಿದಾಗ ಬರೀ ದಪ್ ಅಂದಿತು. ಮತ್ತೊಂದು ಏಟಿಗೆ ಸುತ್ತಿಗೆಯ ಮೂತಿಯೇ ಒಳಗಿಳಿಯಿತು. ತುಕ್ಕು ಸುಟ್ಟ ಹಪ್ಪಳದ ಹಾಗೆ ಪುಡಿಪುಡಿಯಾಗಿ ಉದುರಿತು.

"ಇದರ ತಳಾ ಹೋತ್ರಿ," ಅಂದ.

ಪಕ್ಕದಲ್ಲಿ ನಿಂತಿದ್ದ ಹೊಳೆದಂಡೆಯ ಹೋಟೆಲಿನ ಮ್ಯಾನೇಜರು ನಿರ್ಮಲಾ, ಹಾಗಾದರೆ ಇದೊಂದು ಗುಜರಿಗೆ ಹೋಗಲಿ ಅಂದರು. ಮೊದಲು ಅವರ ಮಾಲಕರು ಉಕ್ಕಿನ ಹಳೆಯ ತೊಟ್ಟಿಗಳನ್ನೆಲ್ಲ ಮೂಲೆಗೆ ಸರಿಸಿ ಪ್ಲಾಸ್ಟಿಕ್ಕಿನವನ್ನು ತರಿಸಿದ್ದರು. ಒಂದೇ ಮಳೆಗಾಲದಲ್ಲಿ ಮಂಗಗಳು ಮುಚ್ಚಳ ಕಿತ್ತವು, ಕಾಡುಹಂದಿಗಳು ಉರುಳಿಸಿದವು. ಹಿಂದಿನ ದಿನದ ಊಟವೆಲ್ಲ ಅತಿಥಿಗಳ ಕೋಣೆಯ ಮುಂದೆ ಹರಡಿತು. ಆಗ ಶಿವಲಿಂಗನನ್ನು ಕರೆಸಿದರು. ಇಷ್ಟು ದಪ್ಪ ತಗಡು ಈಗ ಯಾರೂ ಹಾಕುವುದಿಲ್ಲ, ಚಕ್ರ ಬದಲಿಸಿ, ಬಿಜಾಗರಿ ಹೊಸದು ಕೂಡಿಸಿ, ತೂತಿಗೆ ತೇಪೆ ಹಾಕಿ ಬಣ್ಣ ಬಳಿದರೆ ಹೊಸದರ ಅರ್ಧ ಖರ್ಚೂ ಬರುವುದಿಲ್ಲ, ಒಂದೊಂದಾಗಿ ಕಳಿಸಿದರೆ ನಿಮ್ಮ ಕೆಲಸವೂ ನಿಲ್ಲುವುದಿಲ್ಲ ಎಂದು ಅವನು ತಿಳಿಸಿ ಹೇಳಿದ್ದ. ಹಾಗೆ ದಾಂಡೇಲಿಯ ಈ ವೆಲ್ಡಿಂಗ್ ಶೆಡ್ಡಿಗೆ ಬಂದವುಗಳಲ್ಲಿ ಕಡೆಯದು ಇದು.

ನೆರಳಿನಲ್ಲಿ ಕೂತು ಮುಚ್ಚಳದ ತುಕ್ಕು ಉಜ್ಜುತ್ತಿದ್ದ ತುಳಸಿಬಾಯಿ ಕೈ ನಿಲ್ಲಿಸಿದಳು. ಶೆಡ್ಡಿನಲ್ಲಿ ಉಜ್ಜುವ, ಬಣ್ಣ ಬಳಿಯುವ ಕೆಲಸ ಅವಳದು. ಟೆಂಪೋದಿಂದ ಇಳಿಸುವಾಗಲೇ ಈ ತೊಟ್ಟಿಯ ಗುರುತು ಅವಳಿಗೆ ಸಿಕ್ಕಿತ್ತು. ಬೇರೆ ಯಾವುದಕ್ಕೂ ಇಲ್ಲದ ಪುಟ್ಟ ಮೆಟ್ಟಿಲೊಂದು ಇದರ ಪಕ್ಕಕ್ಕಿತ್ತು.

ಹಲವು ವರ್ಷಗಳ ಹಿಂದೆ ಅವಳು ಅದೇ ಹೋಟೆಲಿನಲ್ಲಿ ಮುಸುರೆ ತಿಕ್ಕುತ್ತಿದ್ದಳು. ಗಿಡ್ಡ ಹೆಂಗಸು. ಎಂಜಲಿನ ಬಕೆಟ್ಟು ತಲೆಯ ಮಟ್ಟಕ್ಕೆ ಎತ್ತಿ ಸುರಿಯಬೇಕು. ಅರ್ಧ ತೊಟ್ಟಿಗೆ, ಅರ್ಧ ಮೈಗೆ. ಬಸುರಿ ಬೇರೆ. ಗಂಡ ಸೋಮಾ ಇದೇ ಶೆಡ್ಡಿನಲ್ಲಿ ವೆಲ್ಡರಾಗಿದ್ದ. ಅವಳ ಸೀರೆಯ ಮೇಲಿನ ಸಾರಿನ ಕಲೆಯನ್ನು ಒಂದು ಸಂಜೆ ಸುಮ್ಮನೆ ನೋಡಿದ. ಮರುದಿನ ಮಷಿನ್ನನ್ನು ಕೈಗಾಡಿಯ ಮೇಲೆ ಹೇರಿಕೊಂಡು ತೊಟ್ಟಿಗೆ ಮೆಟ್ಟಿಲು ಕೂಡಿಸಲು ಹೋಟೆಲಿನ ಹಿತ್ತಲಿಗೆ ಬಂದ.

ಬೆಸುಗೆ ಹಾಕುವಾಗ ಸೋಮಾ ಪದ ಹೇಳುತ್ತಿದ್ದ. ಹಳಿಯಾಳದ ಕಡೆ, ಅವರ ಸಿದ್ದಿ ಜನರ ಕೇರಿಯಾದ ಸಿದ್ದಿವಾಡೆಯಲ್ಲಿ ಏಕಾದಶಿಗೆ ಹೇಳುವ ಭಜನೆಯ ಪದ. ಬೆಸುಗೆಯ ಒಂದು ರಾಡಿಗೆ ಪದದ ಒಂದು ನುಡಿ. ನುಡಿ ಮುಗಿಯುವ ಮೊದಲೇ ರಾಡು ಉರಿದುಹೋದರೆ ಮಷಿನ್ನಿನ ಕರೆಂಟು ಹೆಚ್ಚಾಗಿದೆ ಎಂದು ಇಳಿಸುತ್ತಿದ್ದ. ವೆಲ್ಡಿಂಗಿನ ಮುಖವಾಡದ ಒಳಗಿನಿಂದ ಬರುವ ಆ ದನಿ ಬಾವಿಯ ತಳದಲ್ಲಿ ಯಾರೋ ದೇವರನ್ನು ಕರೆದಂತೆ ಕೇಳಿಸುತ್ತಿತ್ತು. ಶಿವಲಿಂಗನೂ ಅವನ ಕೈಕೆಳಗೆ ಹಾಗೆಯೇ ಕಲಿತವನು. ಸೋಮಾ ತೀರಿಕೊಂಡ ಮೇಲೆ ಶೆಡ್ಡಿನಲ್ಲಿ ಪದ ನಿಂತಿತ್ತು.

ಹೊಸ ತಳ ಹಾಕಲು ಬರುವುದಿಲ್ಲವೇ ಎಂದು ತುಳಸಿಬಾಯಿ ಕೇಳಿದಳು. ಬರುತ್ತದೆ ಎಂದ ಶಿವಲಿಂಗ ಮೊಣಕಾಲೂರಿ ಮೆಟ್ಟಿಲಿನ ಹಿಂದೆ ಮೊಬೈಲಿನ ಬೆಳಕು ಬಿಟ್ಟ. ಬಹಳ ಹೊತ್ತು ನೋಡಿದ.

"ಕಾಕೂ, ಇಲ್ಲಿ ಬಾ. ನೀರು ಹೋಗೂ ತೂತು ಇಲ್ಲೇ ಐತಿ. ಸೋಮಣ್ಣ ಅದರ ಮ್ಯಾಲೇ ಮೆಟ್ಟಲದ ಪಟ್ಟಿ ಕೂಡಿಸ್ಯಾನ. ತೊಳದ ನೀರು ಒಳಗ ನಿಂತು ನಿಂತು..."

ಅವಳು ಬಗ್ಗಿ ನೋಡಿದಳು. ಬೆಸುಗೆಯ ಗೆರೆಯ ಕೆಳಗೆ ತೂತಿನ ಅಂಚು ಚೌತಿಯ ಚಂದ್ರನಷ್ಟು ಕಾಣುತ್ತಿತ್ತು. ಹೋಟೆಲಿನ ಹಿತ್ತಲಲ್ಲಿ ಇದು ಅಡುಗೆಮನೆಯ ಬಾಗಿಲಿಗೆ ಹತ್ತಿರದ ಮೂಲೆ. ಅಂದು ಅಲ್ಲೇ ಹಾಕು ಎಂದು ಬೆರಳು ಮಾಡಿ ತೋರಿಸಿದವಳು ಅವಳೇ. ಸೋಮಾ ಆ ಮೂಲೆಯನ್ನೊಮ್ಮೆ, ಅವಳ ಹೊಟ್ಟೆಯನ್ನೊಮ್ಮೆ ನೋಡಿ ಮುಖವಾಡ ಇಳಿಸಿದ್ದ.

"ತೂತು ಕಂಡಿತ್ತವಗ," ಅಂದಳು, ಯಾರಿಗೂ ಅಲ್ಲದ ಹಾಗೆ.

ತಳ ಬದಲಿಸಿದರೆ ಮೆಟ್ಟಿಲು ಕೊಯ್ದು ತೂತು ಬಿಡಿಸಲೇಬೇಕು, ಇಲ್ಲದಿದ್ದರೆ ಹೊಸ ತಳವೂ ಕೊಳೆಯುತ್ತದೆ ಎಂದು ಶಿವಲಿಂಗ ಮೆಲ್ಲಗೆ ಹೇಳಿದ. ಅವಳಿಗೆ ಬೇಡವೆನಿಸಿದರೆ ತೊಟ್ಟಿ ಹೇಗಿದೆಯೋ ಹಾಗೆಯೇ ಶೆಡ್ಡಿನ ಹಿಂದೆ ಇರಲಿ, ಬೆಂಕಿ ಆರಿಸಲು ಬೇಕಾಗುವ ಉಸುಕು ತುಂಬಿಡೋಣ ಅಂದ. ನಿರ್ಮಲಾ ಅದಕ್ಕೂ ಒಪ್ಪಿದರು.

ತುಳಸಿಬಾಯಿ ಮೆಟ್ಟಿಲಿನ ಮೇಲೆ ಕೈಯಾಡಿಸಿದಳು. ನಡುವೆ ತಗ್ಗು ಬಿದ್ದು ಕನ್ನಡಿಯ ಹಾಗೆ ನುಣುಪಾಗಿತ್ತು. ಅವಳು ಆ ಕೆಲಸ ಬಿಟ್ಟು ಎಷ್ಟೋ ಕಾಲವಾಗಿತ್ತು. ಇಷ್ಟು ಸವೆಯಬೇಕಾದರೆ ಅವಳ ಕಾಲೊಂದೇ ಸಾಲದು.

"ಈಗ ಕಸಾ ಯಾರು ಚೆಲ್ಲತಾರ್ರಿ ಬಾಯಿ?"

"ಪೂನಂ ಅಂತ ಒಬ್ಬ ಹುಡುಗಿ ಅದಾಳ."

"ಎತ್ತರ ಅದಾಳೇನ್ರಿ?"

ನಿರ್ಮಲಾ ನಕ್ಕು ತಮ್ಮ ಭುಜದ ಹತ್ತಿರ ಕೈ ಹಿಡಿದು ತೋರಿಸಿದರು. "ನಿನ್ನಷ್ಟ ಅಂತ ತಿಳಿ. ಇದನ್ನ ಇಲ್ಲಿಗೆ ತಂದಾಗಿಂದ ಬ್ಯಾರೆ ತೊಟ್ಟಿಗೆ ಸುರಿಯಾಕ ಬಕೀಟು ಡಬ್ಬ ಹಾಕಿ ಅದರ ಮ್ಯಾಲ ಹತ್ತತಾಳ. ಮೊನ್ನೆ ಬಿದ್ದಳು."

ತುಳಸಿಬಾಯಿ ಎದ್ದು ತೊಟ್ಟಿಯನ್ನು ಒಂದು ಸುತ್ತು ಬಂದಳು. ತೂತಿಲ್ಲದ ಆಚೆಯ ಮೂಲೆಯಲ್ಲಿ ನಿಂತಳು.

"ಕೊಯ್ಯೋ ಲಿಂಗ್ಯಾ. ಕೊಯ್ದು ಇಲ್ಲಿ ಕೂಡಿಸು."

ಗ್ರೈಂಡರಿನ ಕಿಡಿ ಹಾರುವಷ್ಟು ಹೊತ್ತೂ ಅವಳು ಸೆರಗು ಅಡ್ಡ ಹಿಡಿದು ಅಲ್ಲೇ ಇದ್ದಳು. ಮೆಟ್ಟಿಲು ಕಳಚಿದಾಗ ಎರಡೂ ಕೈಯಲ್ಲಿ ಎತ್ತಿಕೊಂಡಳು. ಬಿಸಿಯಿತ್ತು; ಸೆರಗಿನಲ್ಲಿ ಸುತ್ತಿ ಹಿಡಿದಳು. ಆಚೆ ಬದಿಗೆ ಅದನ್ನು ಒತ್ತಿಹಿಡಿದು ಅಲುಗದಂತೆ ಎರಡು ಚುಕ್ಕೆ ಬೆಸೆದ ಶಿವಲಿಂಗ, ಹೊಸ ರಾಡು ಸಿಕ್ಕಿಸಿಕೊಂಡ.

"ಪದಾ ಮರತಿಯೇನು?"

"ಮರತಿಲ್ಲ ಕಾಕೂ. ದನಿ ಇಲ್ಲ."

"ದನಿ ಅವಗರೆ ಎಲ್ಲಿತ್ತು."

ಅವನು ಮುಖವಾಡ ಇಳಿಸಿದ. ರಾಡು ಉರಿಯತೊಡಗಿತು. ಒಳಗಿನಿಂದ ಏನೋ ಗೊಣಗಿದಂತೆ ಕೇಳಿತು. ತುಳಸಿಬಾಯಿ ಬೆಳಕಿಗೆ ಬೆನ್ನು ಮಾಡಿ ನಿಂತು ಆ ಪದಕ್ಕೆ ತುಟಿಯಾಡಿಸಿದಳು.

ಹೊಸ ತಳ ಕೂತು, ಹಸಿರು ಬಣ್ಣ ಒಣಗಿದ ದಿನ ಶಿವಲಿಂಗ ತೊಟ್ಟಿಯೊಳಗೆ ಒಂದು ಕೊಡ ನೀರು ಸುರಿದ. ತುಳಸಿಬಾಯಿ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿ, ಅಂಚಿಗೆ ಕೈಯೂರಿ ಒಳಗೆ ನೋಡಿದಳು. ನೀರು ತುಸು ಹೊತ್ತು ಅತ್ತಿತ್ತ ತಡಕಾಡಿ ತೂತಿನ ಮೂಲೆ ಕಂಡುಕೊಂಡು ಹೊರಗೆ ಹರಿಯಿತು. ಕಬ್ಬಿಣದ ಪುಡಿಯನ್ನು ಎಳೆದುಕೊಂಡು, ಅಂಗಳದ ಧೂಳಿನಲ್ಲಿ ಕಪ್ಪು ಗೆರೆಯಾಗಿ ರಸ್ತೆಯ ಕಡೆ ಸಾಗಿತು. ತೊಟ್ಟಿ ಒಯ್ಯಲು ಬಂದ ಟೆಂಪೋದವನು ಎರಡು ಸಲ ಹಾರ್ನು ಹಾಕಿದ. ತಳ ಪೂರಾ ಆರುವ ತನಕ ಅವಳು ಇಳಿಯಲಿಲ್ಲ.